ಸ್ಟೇಟಸ್‌ಗೆ ಹೋದ ವಿಡಿಯೋ ಠಾಣೆಗೆ ಯಾಕೆ ಹೋಗಲ್ಲ?

ಐದು ತಿಂಗಳ ಹಿಂದಿನ ಮಾತು. ಬೆಳಗ್ಗೆ ಆರೂವರೆ ಇರಬಹುದು. ಕೆರೆ ಹೂಳಿನ ಬಗ್ಗೆ ಒಂದು ವಿಡಿಯೋ ಮಾಡಬೇಕು ಅಂತ ಯಗಟಿಯಿಂದ ಸೈಕಲ್‌ನಲ್ಲಿ ಹೊರಟಿದ್ದೆ. ಹ್ಯಾಂಡಲ್‌ಗೆ ಮೊಬೈಲ್ ಹೋಲ್ಡರ್ ಸಿಕ್ಕಿಸಿ ರೆಕಾರ್ಡಿಂಗ್ ಆನ್ ಮಾಡಿಟ್ಟಿದ್ದೆ. ನನ್ನ ಮುಂದೆ ಇಪ್ಪತ್ತು ಮಾರು ದೂರದಲ್ಲಿ ಒಬ್ಬ ಅಜ್ಜ, ಸೈಕಲ್ಲಿನ ಕ್ಯಾರಿಯರ್‌ಗೆ ಎರಡೂ ಕಡೆ ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೋಗ್ತಿದ್ದರು.

ಹಿಂದಿನಿಂದ ಬಂದ ಟೆಂಪೋ ಒಂದು ನನ್ನನ್ನು ಸವರಿಕೊಂಡೇ ದಾಟಿತು. ಎದುರಿಗೆ ಟ್ರ್ಯಾಕ್ಟರ್ ಬರ್ತಿದೆ, ಕಾಣಿಸ್ತಿದೆ. ಆದರೂ ಬ್ರೇಕ್ ಹಾಕಲಿಲ್ಲ. ಅಜ್ಜನಿಗೂ ಟ್ರ್ಯಾಕ್ಟರ್‌ಗೂ ನಡುವೆ ಇದ್ದ ಅಷ್ಟೇ ಸಂದಿಯಲ್ಲಿ ನುಗ್ಗಿತು. ಟೆಂಪೋದ ಹಿಂದಿನ ಮೂಲೆ ಅಜ್ಜನ ಮೊಣಕೈಗೆ ತಾಗಿತು. ಸೈಕಲ್, ಕ್ಯಾನ್, ಅಜ್ಜ ಎಲ್ಲ ಚರಂಡಿಗೆ. ಟೆಂಪೋ ನಿಲ್ಲಲಿಲ್ಲ.

ಎತ್ತಿ ಕೂರಿಸಿದೆ. ಮಂಡಿ ತರಚಿತ್ತು, ಮೊಣಕೈ ಊದಿತ್ತು. ಅಜ್ಜ ಮೊದಲು ಕೇಳಿದ್ದು ತನ್ನ ಕೈಕಾಲಿನ ಬಗ್ಗೆ ಅಲ್ಲ. "ಹಾಲು ಪೂರ್ತಿ ಹೋಯ್ತೇನಪ್ಪ?" ಅಂದರು.

ಫೋನ್ ತೆಗೆದು ನೋಡಿದೆ. ಎಲ್ಲ ರೆಕಾರ್ಡ್ ಆಗಿತ್ತು. ನನ್ನನ್ನು ದಾಟುವಾಗಲೇ ನಂಬರ್ ಪ್ಲೇಟ್ ಒಂದೊಂದು ಅಕ್ಷರವೂ ಓದುವ ಹಾಗೆ ಬಂದಿತ್ತು. ನಾನು ಏನು ಮಾಡಿದೆ? ಪತ್ರಿಕೋದ್ಯಮ ಓದಿದವನು, ಊರಿಗೆಲ್ಲ ಬುದ್ಧಿ ಹೇಳುವವನು, ಸ್ಟೇಟಸ್‌ಗೆ ಹಾಕಿದೆ. ಮೇಲೆ ಎರಡು ಕೆಂಪು ಮುಖದ ಇಮೋಜಿ. ಸಂಜೆಯೊಳಗೆ ಇನ್ನೂರಕ್ಕೂ ಹೆಚ್ಚು ಜನ ನೋಡಿದರು. ರಾತ್ರಿ ಊಟಕ್ಕೆ ಕೂತಾಗ ನೆಂಟರೊಬ್ಬರ ಫೋನ್. "ತಮ್ಮಾ, ಆ ಗಾಡಿಯವನು ನಮ್ಮೋನೇ ಕಣೋ. ಹೊಟ್ಟೆಪಾಡಿಗೆ ಓಡಿಸ್ತಾನೆ. ತೆಗ್ದುಬಿಡು." ತೆಗೆದುಬಿಟ್ಟೆ. ಅಜ್ಜನ ಹಾಲಿನ ದುಡ್ಡು ಯಾರೂ ಕೊಡಲಿಲ್ಲ.

ಈ ಬರಹ ಆ ಡ್ರೈವರ್ ಮೇಲಿನ ಸಿಟ್ಟಿಗೆ ಬರೆದದ್ದಲ್ಲ. ಸಿಟ್ಟು ಇರೋದು ನನ್ನ ಮೇಲೆ, ನಿಮ್ಮ ಮೇಲೆ, ಮತ್ತೆ ಸೈಕಲ್ ತುಳಿಯುವವನ ಕೈಯಲ್ಲಿರುವ ಸಾಕ್ಷಿಯನ್ನು ತೆಗೆದುಕೊಳ್ಳೋಕೆ ಒಂದು ಬಾಗಿಲನ್ನೂ ತೆರೆಯದ ವ್ಯವಸ್ಥೆ ಮೇಲೆ.

ಬೆಂಗಳೂರಿನಲ್ಲಿ 2015ರಲ್ಲೇ ಸಂಚಾರ ಪೊಲೀಸರು ಪಬ್ಲಿಕ್ ಐ ಅನ್ನುವ ಆ್ಯಪ್ ತಂದರು. ಯಾರು ಬೇಕಾದರೂ ನಿಯಮ ಮುರಿದ ಗಾಡಿಯ ಫೋಟೋ ತೆಗೆದು ಕಳಿಸಬಹುದು, ಪೊಲೀಸರು ನೋಡಿ ಮಾಲೀಕನಿಗೆ ನೋಟಿಸ್ ಕಳಿಸ್ತಾರೆ. ಈಗ ಅದು ಅಸ್ತ್ರಂ ಅನ್ನುವ ಆ್ಯಪ್‌ನೊಳಗೆ ಸೇರಿದೆ. ಅಲ್ಲಿ ಹೆಲ್ಮೆಟ್ ಮೇಲೆ ಕ್ಯಾಮೆರಾ ಕಟ್ಟಿಕೊಂಡು ಆಫೀಸಿಗೆ ಸೈಕಲ್‌ನಲ್ಲಿ ಹೋಗುವವರನ್ನು ನೋಡಿದ್ದೇನೆ. ಅವರನ್ನು ನೋಡಿ ನಮ್ಮವರು "ಶೋಕಿ" ಅಂತಾರೆ. ಶೋಕಿ ಅಲ್ಲ ಸ್ವಾಮಿ. ಸೈಕಲ್‌ಗೆ ಹಾರ್ನ್ ಇಲ್ಲ, ಬಂಪರ್ ಇಲ್ಲ. ಗಾಡಿ ಗುದ್ದಿ ಹೋದರೆ ಅವನ ಪರ ಮಾತಾಡೋಕೆ ಇರೋದು ಆ ಕ್ಯಾಮೆರಾ ಒಂದೇ.

ಆದರೆ ಆ ಆ್ಯಪ್ ಬೆಂಗಳೂರಿಗೆ. ಕಡೂರಿಗಲ್ಲ, ತರೀಕೆರೆಗಲ್ಲ, ಅಜ್ಜಂಪುರಕ್ಕಲ್ಲ. ಸರ್ಕಾರದ್ದೇ ಕ್ಯಾಮೆರಾ ಬರುತ್ತಲ್ಲ ಅಂತೀರಾ? ಮೋಟಾರು ವಾಹನ ನಿಯಮಗಳಲ್ಲಿ 167ಎ ಅಂತ ಒಂದಿದೆ, 2021ರಲ್ಲಿ ಸೇರಿಸಿದ್ದು. ಕ್ಯಾಮೆರಾ ಎಲ್ಲೆಲ್ಲಿ ಹಾಕಬೇಕು ಅಂತ ಅದು ಹೇಳುತ್ತೆ: ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿಗಳಲ್ಲಿ ಅಪಾಯ ಮತ್ತು ದಟ್ಟಣೆ ಹೆಚ್ಚಿರುವ ಕಡೆ, ಆಮೇಲೆ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ಊರುಗಳಲ್ಲಿ, ಜೊತೆಗೆ 132 ನಗರಗಳ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಚಿಕ್ಕಮಗಳೂರೇ ಇಲ್ಲ, ಇನ್ನು ನಮ್ಮ ತೋಟದ ದಾರಿ, ಹಳ್ಳಿಯಿಂದ ಹಳ್ಳಿಗೆ ಹೋಗುವ ಸಿಂಗಲ್ ರೋಡ್ ಎಲ್ಲಿ ಬರಬೇಕು?

ಸಾಯೋರು ಮಾತ್ರ ಇಲ್ಲೇ ಜಾಸ್ತಿ. ಕೇಂದ್ರ ಸಾರಿಗೆ ಇಲಾಖೆಯ 2022ರ ವರದಿ ಪ್ರಕಾರ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 68ರಷ್ಟು ಸಾವು ಆದದ್ದು ಗ್ರಾಮೀಣ ಭಾಗದಲ್ಲಿ. ಸೈಕಲ್ ತುಳಿಯುವವರೇ 4 ಸಾವಿರಕ್ಕೂ ಹೆಚ್ಚು. ನಗರಕ್ಕೆ ಕ್ಯಾಮೆರಾ, ಹಳ್ಳಿಗೆ ಹೆಣ. ಒರಟಾಗಿ ಹೇಳಿದೆ ಅನ್ನಿಸಿದರೆ ಲೆಕ್ಕ ಇನ್ನೊಮ್ಮೆ ಓದಿ.

ಸೈಕಲ್ ತುಳಿಯೋರು ಈಗ ಯಾರಿದ್ದಾರೆ, ಎಲ್ಲರೂ ಬೈಕ್ ತಗೊಂಡಿದ್ದಾರೆ ಅನ್ನೋ ಮಾತೂ ಇದೆ. ಬೆಳಗ್ಗೆ ಎದ್ದು ರಸ್ತೆಗೆ ಬನ್ನಿ, ಗೊತ್ತಾಗುತ್ತೆ. ಹಾಲು ಹಾಕೋರು, ಪೇಪರ್ ಹಾಕೋ ಹುಡುಗರು, ಕಾಯಿ ಕೀಳೋಕೆ ಕೂಲಿಗೆ ಹೋಗೋರು, ಹೈಸ್ಕೂಲ್ ಮಕ್ಕಳು. ಇದೇ ರಾಜ್ಯ ಸರ್ಕಾರ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟಿತು. ಕೊರೊನಾ ಬಂದಾಗ ನಿಲ್ಲಿಸಿತು. ಅಣ್ಣಂದು ತಮ್ಮನಿಗೆ, ಅಕ್ಕಂದು ತಂಗಿಗೆ ಅಂತ ಆ ಸೈಕಲ್‌ಗಳು ಇನ್ನೂ ಓಡ್ತಾ ಇವೆ. ಸೈಕಲ್ ಕೊಟ್ಟ ಸರ್ಕಾರ ಅದು ಓಡುವ ರಸ್ತೆ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಿಂದೆ ಒಂದು ಲೈಟೂ ಕೊಡಲಿಲ್ಲ. ಹೋಗಲಿ.

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಮನೆಯವರಿಗೂ ಓದಿ ಹೇಳಿ.

ಗುದ್ದಿ ಓಡಿಹೋದ ಗಾಡಿ ಯಾವುದು ಅಂತ ಗೊತ್ತಾಗದಿದ್ದರೆ ಸತ್ತವರ ಮನೆಗೆ ಸರ್ಕಾರದ ಯೋಜನೆಯಿಂದ ಸಿಗೋದು 2 ಲಕ್ಷ. ತೀವ್ರ ಗಾಯವಾದರೆ 50 ಸಾವಿರ. ಅದೂ 2022ರ ಏಪ್ರಿಲ್‌ನಿಂದ. ಅದಕ್ಕೂ ಮುಂಚೆ ಸತ್ತರೆ 25 ಸಾವಿರ, ಗಾಯಕ್ಕೆ ಹನ್ನೆರಡೂವರೆ ಸಾವಿರ ಇತ್ತು. ಅದೇ ಗಾಡಿ ನಂಬರ್ ಗೊತ್ತಾದರೆ ಕೇಸ್ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತೆ. ಅಲ್ಲಿ ಸತ್ತವನ ವಯಸ್ಸು, ದುಡಿಮೆ, ಅವನನ್ನೇ ನಂಬಿಕೊಂಡಿದ್ದ ಹೆಂಡತಿ ಮಕ್ಕಳು ಎಷ್ಟು ಜನ ಅಂತ ಎಲ್ಲ ನೋಡಿ ಪರಿಹಾರ ತೀರ್ಮಾನ ಮಾಡ್ತಾರೆ. ಇನ್ಶೂರೆನ್ಸ್ ಕಂಪನಿ ಕಟ್ಟಬೇಕು. ಇನ್ಶೂರೆನ್ಸ್ ಇಲ್ಲದಿದ್ದರೆ ಮಾಲೀಕ ಕಟ್ಟಬೇಕು. ದುಡಿಯುವ ವಯಸ್ಸಿನವನು ಸತ್ತರೆ ಆ ಮೊತ್ತ 2 ಲಕ್ಷದ ಎಷ್ಟೋ ಪಟ್ಟು ಇರುತ್ತೆ.

ಎರಡಕ್ಕೂ ಇರುವ ವ್ಯತ್ಯಾಸ ಏನು? ಒಂದು ನಂಬರ್ ಪ್ಲೇಟ್. ಚರಂಡಿಗೆ ಬಿದ್ದವನಿಗೆ ನಂಬರ್ ಓದೋಕೆ ಆಗಲ್ಲ. ಹಿಂದೆ ಬರ್ತಿರೋ ನಿಮ್ಮ ಫೋನಿಗೆ ಆಗುತ್ತೆ.

"ಯಾರೂ ಸತ್ತಿಲ್ಲವಲ್ಲ, ಸುಮ್ನೆ ಯಾಕೆ ಕೇಸು?" ನಮ್ಮೂರಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದು. ಕಾನೂನು ಸಾವಿಗಾಗಿ ಕಾಯಲ್ಲ. ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿಯಾಗಿ ಓಡಿಸೋದೇ ತಪ್ಪು ಅಂತ ಹೇಳುತ್ತೆ. ಮೊದಲ ಸಲಕ್ಕೆ ಸಾವಿರದಿಂದ ಐದು ಸಾವಿರ ದಂಡ ಬೀಳಬಹುದು, ಜೈಲೂ ಆಗಬಹುದು. ನಿಯಮ ಮೀರಿ ಓವರ್‌ಟೇಕ್ ಮಾಡೋದು, ಫೋನ್ ಕೈಯಲ್ಲಿ ಹಿಡಿದು ಓಡಿಸೋದು ಎರಡನ್ನೂ 2019ರ ತಿದ್ದುಪಡಿಯಲ್ಲಿ ಹೆಸರು ಹೇಳಿಯೇ ಸೇರಿಸಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮೂ ಇದೆ: ಜನರ ಪ್ರಾಣಕ್ಕೆ ಅಪಾಯ ಆಗುವ ಹಾಗೆ ಅಡ್ಡಾದಿಡ್ಡಿ ಓಡಿಸಿದರೆ ಆರು ತಿಂಗಳವರೆಗೆ ಜೈಲು. ಯಾರಾದರೂ ಸಾಯಬೇಕು ಅಂತ ಎಲ್ಲೂ ಬರೆದಿಲ್ಲ. ಇವತ್ತು ಮೊಣಕೈಗೆ ತಾಗಿಸಿ ಹೋದವನು ನಾಳೆಯೂ ಅದೇ ರಸ್ತೆಯಲ್ಲಿ, ಅದೇ ಹೊತ್ತಿಗೆ ಬರ್ತಾನೆ. ಆಗ ಆ ಸಂದಿಯಲ್ಲಿ ನಿಮ್ಮ ಮಗಳು ಇರಬಹುದು.

"ಬಡ ಡ್ರೈವರ್ ಹೊಟ್ಟೆ ಮೇಲೆ ಹೊಡೀಬೇಡ" ಅನ್ನೋದು ಇನ್ನೊಂದು. ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ, ಒಪ್ಪಿಕೊಳ್ತೀನಿ. ಟೆಂಪೋದವನಿಗೂ ಸಾಲ ಇದೆ, ಟ್ರಿಪ್ ಲೆಕ್ಕದಲ್ಲಿ ದುಡ್ಡು, ಹೊತ್ತಿಗೆ ಸರಿಯಾಗಿ ಮಾರ್ಕೆಟ್ ಮುಟ್ಟದಿದ್ದರೆ ಮಾಲೀಕ ಬೈತಾನೆ. ಆದರೆ ಹಾಲಿನ ಅಜ್ಜನಿಗೂ ಹೊಟ್ಟೆ ಇದೆ. ಒಬ್ಬನ ಹೊಟ್ಟೆಪಾಡು ಇನ್ನೊಬ್ಬನ ಪ್ರಾಣಕ್ಕಿಂತ ದೊಡ್ಡದು ಅಂತ ನಾವು ಯಾವಾಗ ತೀರ್ಮಾನ ಮಾಡಿದ್ವಿ? ಮತ್ತೆ ಗಮನಿಸಿ, ಫೋನ್ ಬರೋದು ಯಾವಾಗಲೂ ಗಾಡಿಯವನ ಪರವಾಗಿ. ಸೈಕಲ್‌ನವನ ಪರವಾಗಿ ನನಗೆ ಇವತ್ತಿನವರೆಗೆ ಒಂದು ಫೋನೂ ಬಂದಿಲ್ಲ.

ಇನ್ನೊಂದು ಹೆದರಿಕೆ ನಿಜವಾದದ್ದು. ಊರು ಚಿಕ್ಕದು, ವಿಡಿಯೋ ಕೊಟ್ಟವನು ಯಾರು ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ, ಆಮೇಲೆ ಹಬ್ಬದಲ್ಲಿ, ಮದುವೆಯಲ್ಲಿ ಮುಖ ನೋಡಬೇಕು. ಅದಕ್ಕೇ ನಾನು ಕೇಳ್ತಿರೋದು ಜಿಲ್ಲಾ ಮಟ್ಟದ ಒಂದು ನಂಬರ್. ವಿಡಿಯೋ ಊರಿನ ಠಾಣೆಯ ಮೇಜಿನ ಮೇಲೆ ಅಲ್ಲ, ಚಿಕ್ಕಮಗಳೂರಿನ ಎಸ್ಪಿ ಕಚೇರಿಗೆ ನೇರವಾಗಿ ಹೋಗಲಿ. ಕಳಿಸಿದವನ ಹೆಸರು ಗುಟ್ಟಾಗಿರಲಿ. ಪ್ರತಿ ತಿಂಗಳು ಎಷ್ಟು ವಿಡಿಯೋ ಬಂತು, ಎಷ್ಟು ನೋಟಿಸ್ ಹೋಯ್ತು ಅನ್ನುವ ಲೆಕ್ಕ ಗ್ರಾಮ ಪಂಚಾಯ್ತಿ ಬೋರ್ಡಿನಲ್ಲಿ ಅಂಟಿಸಲಿ. ಇದಕ್ಕೆ ಕೋಟಿ ರೂಪಾಯಿ ಬೇಡ, ಒಂದು ಫೋನು ಮತ್ತು ಅದನ್ನು ನೋಡುವ ಒಬ್ಬ ಸಿಬ್ಬಂದಿ ಸಾಕು.

ಇದೆಲ್ಲ ಹಳ್ಳಿಯಲ್ಲಿ ನಡೆಯಲ್ಲ ಅನ್ನೋರಿಗೆ ಒಂದು ಸಂಗತಿ. ಬ್ರಿಟನ್‌ನಲ್ಲಿ ಜನ ಕಳಿಸುವ ವಿಡಿಯೋ ಆಧಾರದ ಮೇಲೆ ಕೇಸ್ ಹಾಕುವ 'ಆಪರೇಷನ್ ಸ್ನ್ಯಾಪ್' ಅನ್ನುವ ವ್ಯವಸ್ಥೆ ಇದೆ. ಅದು ಶುರುವಾದದ್ದು ಲಂಡನ್‌ನಲ್ಲಿ ಅಲ್ಲ. 2016ರಲ್ಲಿ ಉತ್ತರ ವೇಲ್ಸ್‌ನಲ್ಲಿ, ಬೆಟ್ಟಗುಡ್ಡ, ಕುರಿ ಸಾಕಣೆಯ ಹಳ್ಳಿಗಾಡಿನಲ್ಲಿ. ಸೈಕಲ್‌ನವರು ಕಳಿಸ್ತಾರೆ, ಕಾರಿನವರು ಕಳಿಸ್ತಾರೆ, ಕುದುರೆ ಸವಾರರೂ ಕಳಿಸ್ತಾರೆ. ಅದೇ ದೇಶದಲ್ಲಿ 2019ರಲ್ಲಿ ಫುಟ್‌ಬಾಲ್ ಆಟಗಾರ ಡೇವಿಡ್ ಬೆಕ್‌ಹ್ಯಾಮ್ ಕಾರು ಓಡಿಸುವಾಗ ಫೋನ್ ಹಿಡಿದಿದ್ದಕ್ಕೆ ಆರು ತಿಂಗಳು ಗಾಡಿ ಓಡಿಸದ ಹಾಗೆ ಕೋರ್ಟ್ ನಿಷೇಧ ಹಾಕಿತು. ಹಿಡಿದುಕೊಟ್ಟದ್ದು ಪೊಲೀಸರಲ್ಲ, ದಾರಿಯಲ್ಲಿ ಹೋಗ್ತಿದ್ದ ಯಾರೋ ತೆಗೆದ ಫೋಟೋ. ಬೆಕ್‌ಹ್ಯಾಮ್ ಪರವಾಗಿ "ನಮ್ಮೋನೇ ಕಣೋ" ಅಂತ ಫೋನ್ ಮಾಡೋರು ಅಲ್ಲಿ ಇರಲಿಲ್ಲವೋ ಏನೋ. ಅಲ್ಲಿ ಸೈಕಲ್ ದಾಟುವಾಗ ಕನಿಷ್ಠ ಒಂದೂವರೆ ಮೀಟರ್, ಅಂದರೆ ಹತ್ತಿರ ಹತ್ತಿರ ಐದಡಿ ಬಿಡಬೇಕು ಅಂತ 2022ರಲ್ಲಿ ರಸ್ತೆ ನಿಯಮದ ಪುಸ್ತಕದಲ್ಲಿ ಅಚ್ಚು ಹಾಕಿದರು. ನಮ್ಮಲ್ಲಿ ಗೇಣಿನ ಲೆಕ್ಕ.

ಆದರೆ ನಗರದ್ದನ್ನು ಹಾಗೇ ತಂದು ಇಲ್ಲಿ ಇಳಿಸೋದು ನನಗೆ ಇಷ್ಟ ಇಲ್ಲ. ಗೋವಾದಲ್ಲಿ 2017ರಲ್ಲಿ ಹೀಗೆ ಫೋಟೋ ಕಳಿಸಿದವರಿಗೆ ಅಂಕ ಕೊಟ್ಟು ಬಹುಮಾನ ಕೊಡುವ ಯೋಜನೆ ತಂದರು. ಬಹುಮಾನ ಅಂದ ತಕ್ಷಣ ಕೆಲಸ ಕೆಡುತ್ತೆ. ಸುಲಭದ ಬೇಟೆ ಯಾವುದು? ಹೆಲ್ಮೆಟ್ ಹಾಕದೆ ತೋಟಕ್ಕೆ ಹೋಗುವ ರೈತ, ಟಿವಿಎಸ್ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡ ಹೆಂಗಸು. ಅವರ ಫೋಟೋ ತೆಗೆದು ಕಳಿಸುವ ಹುಡುಗರು ನಮ್ಮೂರಲ್ಲಿ ಹುಟ್ಟಿಕೊಂಡರೆ ಅವರ ವಿರುದ್ಧ ಮೊದಲು ಬರೆಯೋನು ನಾನೇ. ಹೆಲ್ಮೆಟ್ ಬೇಡ ಅಂತಲ್ಲ, ಹಾಕಿಕೊಳ್ಳಿ. ಆದರೆ ಕ್ಯಾಮೆರಾ ಎತ್ತಬೇಕಾದದ್ದು ಇನ್ನೊಬ್ಬರ ಪ್ರಾಣಕ್ಕೆ ಕುತ್ತು ತರುವವನ ಮೇಲೆ ಮಾತ್ರ. ಹಾಗೇ ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಫೋನ್ ಹಿಡಿದು ರೆಕಾರ್ಡ್ ಮಾಡೋಕೆ ಹೋದರೆ ಟೆಂಪೋ ಬೇಡ, ಗುಂಡಿಯೇ ಸಾಕು. ಹೋಲ್ಡರ್ ಹಾಕಿ, ಮನೆಯಲ್ಲೇ ಆನ್ ಮಾಡಿ ಹೊರಡಿ. ರಸ್ತೆಯಲ್ಲಿ ಜಗಳಕ್ಕೆ ನಿಲ್ಲಬೇಡಿ.

ಆ ಜಿಲ್ಲಾ ನಂಬರ್ ಬರೋವರೆಗೂ ಕೈಕಟ್ಟಿ ಕೂರಬೇಕಾ? ಬೇಡ. 2024ರ ಜುಲೈ 1ರಿಂದ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಇಂಥ ಅಪರಾಧದ ಮಾಹಿತಿಯನ್ನು ಠಾಣಾಧಿಕಾರಿಗೆ ಎಲೆಕ್ಟ್ರಾನಿಕ್ ರೂಪದಲ್ಲೇ ಕಳಿಸಬಹುದು. ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು, ಅಷ್ಟೇ. ಸಹಿ ಹಾಕಿದರೆ ಹೆಸರು ಗೊತ್ತಾಗುತ್ತೆ, ನಿಜ. ಅದಕ್ಕೇ ಇಬ್ಬರು ಮೂವರು ಸೇರಿ ಹೋಗಿ. ಯಗಟಿಯಲ್ಲೇ ಠಾಣೆ ಇದೆ, ಸಹಿ ಹಾಕೋಕೆ ಕಡೂರಿಗೆ ಬಸ್ ಹಿಡಿಯಬೇಕಿಲ್ಲ. ವಿಡಿಯೋ ಕೋರ್ಟಿನಲ್ಲಿ ನಿಲ್ಲಬೇಕಾದರೆ ಸಾಕ್ಷ್ಯ ಕಾನೂನಿನ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತೆ. ಅದಕ್ಕೇ ಮೂಲ ವಿಡಿಯೋ ಅಳಿಸಬೇಡಿ, ಕತ್ತರಿಸಬೇಡಿ, ಹಾಡು ಸೇರಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದರೆ ವಿಡಿಯೋ ಕುಗ್ಗಿ ನಂಬರ್ ಮಸುಕಾಗುತ್ತೆ, ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಯಾರಿಗಾದರೂ ಪೆಟ್ಟಾಗಿದ್ದರೆ ಮೊದಲು 112ಕ್ಕೆ ಫೋನ್, ವಿಡಿಯೋ ಆಮೇಲೆ. ಬಿದ್ದವರಿಗೆ ಸಹಾಯ ಮಾಡಿದವರನ್ನು ಕಾನೂನು ರಕ್ಷಿಸುತ್ತೆ, 134ಎ ಕಲಂ ಇರೋದು ಅದಕ್ಕೇ.

ಠಾಣೆಯಲ್ಲಿ "ಇಷ್ಟಕ್ಕೆಲ್ಲ ಯಾಕಪ್ಪ, ರಾಜಿ ಮಾಡ್ಕೊಳ್ಳಿ" ಅಂದರೆ? ಅನ್ನಬಹುದು. ಆಗ ಕೊಟ್ಟ ದೂರಿಗೆ ಸ್ವೀಕೃತಿ ಕೇಳಿ, ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್ಪಿಗೆ ಅಂಚೆಯಲ್ಲಿ ಕಳಿಸಿ. ಹತ್ತು ಜನ ಹೀಗೆ ಮಾಡಿದರೆ ಹನ್ನೊಂದನೆಯವನಿಗೆ ಕುರ್ಚಿ ಹಾಕ್ತಾರೆ.

ನಾನು ಸ್ಟೇಟಸ್‌ನಿಂದ ತೆಗೆದೆನೇ ಹೊರತು ಮೂಲ ವಿಡಿಯೋ ಫೋನಿನಲ್ಲಿ ಹಾಗೇ ಇದೆ. ಆರು ತಿಂಗಳ ಶಿಕ್ಷೆಯ ಇಂಥ ಅಪರಾಧಕ್ಕೆ ಕೋರ್ಟಿನ ಕಾಲಮಿತಿ ಒಂದು ವರ್ಷ. ಇನ್ನೂ ಏಳು ತಿಂಗಳಿದೆ. ಮೊನ್ನೆ ಡೈರಿ ಹತ್ತಿರ ಅಜ್ಜನನ್ನು ಕಂಡು ವಿಷಯ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನೊಬ್ನೇ ಹೋಗಲ್ಲಪ್ಪ, ನೀನೂ ಬರ್ತೀಯಾ?" ಅಂದರು. ಬರ್ತೀನಿ ಅಂದೆ. ಸೋಮವಾರ ಹಾಲು ಹಾಕಿದ ಮೇಲೆ ಇಬ್ಬರೂ ಹೋಗ್ತಿದ್ದೇವೆ. ನೆಂಟರಿಗೆ ಈ ಬರಹದ ಲಿಂಕ್ ಕಳಿಸಿದ್ದೇನೆ.