ಕರೆಯೋಲೆಗೆ ಮಾರುತ್ತರ

ವಾರ್ಷಿಕೋತ್ಸವದ ದಿನ ಸಮೀಪಿಸಿತೆಂದರೆ ಶಾಲೆಯ ಕಾರ್ಯಕಾರಿ ಸಮಿತಿಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಈ ವರ್ಷ ಮುಖ್ಯ ಅತಿಥಿಗಳಾಗಿ ಯಾರನ್ನು ಕರೆಯೋಣ? ಹೆಸರುಗಳನ್ನು ಸೂಚಿಸುವುದು, ತಳ್ಳಿಹಾಕುವುದು, ಕೊನೆಗೆ ಒಬ್ಬರನ್ನು ಒಪ್ಪಿಕೊಂಡು ಪತ್ರ ಬರೆಯುವುದು, ಉತ್ತರಕ್ಕಾಗಿ ಕಾಯುವುದು, ಇಷ್ಟರಲ್ಲಿಯೇ ಸಮಿತಿಯ ಅರ್ಧ ಶಕ್ತಿ ವ್ಯಯವಾಗಿರುತ್ತದೆ. ಇದನ್ನು ಕಂಡು ನಗುವವರಿದ್ದಾರೆ. ಆಮಂತ್ರಣವೆಂಬುದು ಬರಿಯ ಶಿಷ್ಟಾಚಾರ, ಅದಕ್ಕೆ ಬರುವ ಉತ್ತರವೂ ಬರಿಯ ಶಿಷ್ಟಾಚಾರವೆಂಬುದು ಅವರ ಮತ. ನಮಗೆ ಹಾಗೆ ತೋರುವುದಿಲ್ಲ. ಒಂದು ವಿದ್ಯಾಸಂಸ್ಥೆಯು ಯಾರನ್ನು ಕರೆಯುತ್ತದೆ, ಕರೆಯದೆಯೇ ಬಾಗಿಲಿಗೆ ಬಂದವರಿಗೆ ಏನೆಂದು ಉತ್ತರ ಕೊಡುತ್ತದೆ ಎಂಬೆರಡು ಸಂಗತಿಗಳಿಂದ ಅದರ ಅಂತರಂಗವನ್ನು ಅಳೆಯಬಹುದೆಂಬುದು ನಮ್ಮ ನಂಬಿಕೆ. ಇದಕ್ಕೆ ನಿದರ್ಶನವಾಗಿ, 1876ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಪ್ರಾರಂಭವಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ವೃತ್ತಾಂತವನ್ನು ವಾಚಕರ ಮುಂದಿಡಬಯಸುತ್ತೇವೆ.

ಜಾನ್ಸ್ ಹಾಪ್ಕಿನ್ಸ್ ಎಂಬಾತ ಬಾಲ್ಟಿಮೋರಿನ ವರ್ತಕ. 1873ರ ಡಿಸೆಂಬರ್ 24ರಂದು ಆತ ತೀರಿಕೊಂಡಾಗ 70 ಲಕ್ಷ ಡಾಲರುಗಳ ಆಸ್ತಿಯನ್ನು ಒಂದು ವಿಶ್ವವಿದ್ಯಾನಿಲಯಕ್ಕೂ ಒಂದು ಆಸ್ಪತ್ರೆಗೂ ಸಮಪಾಲಾಗಿ ಬಿಟ್ಟುಹೋದನು. ಅಷ್ಟು ಹಣ ಕೈಗೆ ಬಂದಾಗ ಯಾರಿಗಾದರೂ ಮೊದಲು ಹೊಳೆಯುವುದು ಭವ್ಯವಾದ ಕಟ್ಟಡ. ಆದರೆ ಅಲ್ಲಿನ ವಿಶ್ವಸ್ತ ಮಂಡಲಿಯವರು ಕಲ್ಲುಕುಟಿಗರನ್ನು ಕರೆಯುವುದಕ್ಕೆ ಮೊದಲು ಬಲ್ಲವರನ್ನು ಕರೆದರು. ಹಾರ್ವರ್ಡಿನ ಅಧ್ಯಕ್ಷ ಎಲಿಯಟ್, ಕಾರ್ನೆಲಿನ ವೈಟ್, ಮಿಶಿಗನ್ನಿನ ಏಂಜೆಲ್, ಈ ಮೂವರ ಅಭಿಪ್ರಾಯವನ್ನು ಬೇಡಿದರು. ಹೊಸ ಸಂಸ್ಥೆಯನ್ನು ನಡೆಸಲು ಯಾರು ಯೋಗ್ಯರೆಂಬ ಪ್ರಶ್ನೆಗೆ ಮೂವರಿಂದಲೂ ಬಂದ ಉತ್ತರ ಒಂದೇ ಹೆಸರು: ಆಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಡೇನಿಯಲ್ ಗಿಲ್ಮನ್. ತಮಗೆ ಪ್ರತಿಸ್ಪರ್ಧಿಯಾಗಿ ಬೆಳೆಯಬಹುದಾದ ಸಂಸ್ಥೆಗೆ ತಮ್ಮಲ್ಲಿ ಅತ್ಯುತ್ತಮನೆನಿಸಿದವನನ್ನೇ ಸೂಚಿಸಿದ ಈ ಮೂವರ ಔದಾರ್ಯವನ್ನು ನಾವು ಮರೆಯಬಾರದು. ಕೇಳಿದವರಿಗೆ ಪ್ರಾಮಾಣಿಕವಾದ ಉತ್ತರ ಕೊಡುವುದೂ ಒಂದು ದಾನವೇ.

ಗಿಲ್ಮನ್ ಒಪ್ಪಿ ಬಂದರು. ಅವರೂ ಕಾಗದ ಬರೆಯುತ್ತಲೇ ಕೆಲಸವನ್ನು ಆರಂಭಿಸಿದರು. ಅವರ ಕರೆ ಹೋದವರಲ್ಲಿ ಇಂಗ್ಲೆಂಡಿನ ಗಣಿತಜ್ಞ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಒಬ್ಬರು. ಅರುವತ್ತು ದಾಟಿದ ಈ ವಿದ್ವಾಂಸರು 1837ರಲ್ಲಿ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಎರಡನೆಯವರಾಗಿ ತೇರ್ಗಡೆಯಾಗಿದ್ದರೂ, ಯೆಹೂದ್ಯರಾದುದರಿಂದ ಆಂಗ್ಲ ಚರ್ಚಿನ ವಿಧಿಗಳಿಗೆ ಸಹಿ ಹಾಕಲಾರದೆ ಪದವಿಯಿಂದ ವಂಚಿತರಾಗಿದ್ದರು. ಬಾಲ್ಟಿಮೋರಿನ ಕರೆಗೆ ಅವರು ಕೊಟ್ಟ ಉತ್ತರ ಸ್ವಾರಸ್ಯವಾಗಿದೆ: ವರ್ಷಕ್ಕೆ 5,000 ಡಾಲರು ವೇತನ, ಅದೂ ಚಿನ್ನದ ನಾಣ್ಯದಲ್ಲಿಯೇ ಆಗಬೇಕೆಂದು ಪಟ್ಟು ಹಿಡಿದರು. ಇದು ದುರಾಸೆಯೆಂದು ಹೇಳುವವರು ಹೇಳಲಿ. ಒಮ್ಮೆ ಬಾಗಿಲಲ್ಲಿ ತಡೆಯಲ್ಪಟ್ಟವನು ಎರಡನೆಯ ಬಾಗಿಲನ್ನು ಹೊಗುವಾಗ ತನ್ನ ಬೆಲೆಯನ್ನು ಸ್ಪಷ್ಟವಾಗಿ ನುಡಿದರೆ ಅದರಲ್ಲಿ ನಮಗೆ ತಪ್ಪೇನೂ ಕಾಣುವುದಿಲ್ಲ.

ಗಿಲ್ಮನ್ ಅವರ ಅಧಿಕಾರಗ್ರಹಣ ಸಮಾರಂಭ 1876ರ ಫೆಬ್ರವರಿ 22ರಂದು ನಡೆಯಿತು. ಅದೇ ವರ್ಷ ಸೆಪ್ಟೆಂಬರ್ 12ರಂದು, ತರಗತಿಗಳು ಆರಂಭವಾಗುವುದಕ್ಕೆ ಮುನ್ನ, ಉಪನ್ಯಾಸಕ್ಕಾಗಿ ಆಹ್ವಾನಿತರಾದವರು ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿ. ಡಾರ್ವಿನ್ನನ ವಿಕಾಸವಾದವನ್ನು ಎದೆಗೊಟ್ಟು ಸಮರ್ಥಿಸಿದವರೆಂದು ಅವರು ಆಗಲೇ ಖ್ಯಾತರಾಗಿದ್ದರು. ಶ್ರದ್ಧಾವಂತ ಕ್ರೈಸ್ತರಲ್ಲಿ ಅನೇಕರಿಗೆ ಅದೇ ಕಾರಣದಿಂದ ಅಪ್ರಿಯರೂ ಆಗಿದ್ದರು. ಅಂದಿನ ಸಭೆಯಲ್ಲಿ ಪ್ರಾರ್ಥನೆ ಇರಲಿಲ್ಲ. ಅಷ್ಟೇ ಸಾಕಾಯಿತು. ಹಕ್ಸ್ಲಿಯನ್ನು ಕರೆದದ್ದೇ ತಪ್ಪು, ದೇವರನ್ನು ಕರೆದಿದ್ದರೆ ಲೇಸಾಗುತ್ತಿತ್ತು, ಇಬ್ಬರನ್ನೂ ಒಂದೇ ಸಭೆಗೆ ಕರೆದಿದ್ದರಂತೂ ಹಾಸ್ಯಾಸ್ಪದವಾಗುತ್ತಿತ್ತು ಎಂಬರ್ಥದಲ್ಲಿ ಪಾದ್ರಿಯೊಬ್ಬರು ಬರೆದ ಕಾಗದ ಪ್ರಸಿದ್ಧವಾಗಿದೆ.

ಈ ಆಕ್ಷೇಪವನ್ನು ನಗೆಯಲ್ಲಿ ತೇಲಿಸಿಬಿಡುವುದು ಸುಲಭ. ಆದರೆ ಶ್ರದ್ಧೆಯುಳ್ಳವರ ಮನಸ್ಸಿನ ನೋವನ್ನು ಹಗುರವಾಗಿ ಕಾಣುವುದು ವಿವೇಕಿಗಳ ಲಕ್ಷಣವಲ್ಲ. ಪ್ರಾರ್ಥನೆಯಿಂದ ಸಭೆಯನ್ನು ಆರಂಭಿಸುವುದು ರೂಢಿಯಾದ ಊರಿನಲ್ಲಿ ಅದನ್ನು ಬಿಟ್ಟರೆ ಜನ ಕೇಳುವುದು ಸಹಜವೇ. ಆದರೂ ಒಬ್ಬರನ್ನು ಅತಿಥಿಯಾಗಿ ಕರೆಯುವುದೆಂದರೆ ಅವರ ಮತಗಳನ್ನೆಲ್ಲ ಒಪ್ಪಿದಂತೆ ಎಂದು ತಿಳಿಯುವುದು ಸರಿಯಲ್ಲ. ಹಾಗೆ ತಿಳಿದರೆ ವಿದ್ಯಾಸಂಸ್ಥೆಗಳು ಹೊಗಳುಭಟರನ್ನಲ್ಲದೆ ಇನ್ನಾರನ್ನೂ ಕರೆಯಲಾಗದು. ಅತಿಥಿಯಾದವನು ತಾನು ಉಂಡ ಮನೆಗೆ ಸತ್ಯವನ್ನೇ ನುಡಿಯಬೇಕು. ಹಕ್ಸ್ಲಿ ಅದನ್ನು ಮಾಡಿದರು. ವಿಸ್ತಾರವಾದ ಭೂಮಿಯಿಂದಲೂ ಅಪಾರವಾದ ಐಶ್ವರ್ಯದಿಂದಲೂ ರಾಷ್ಟ್ರ ದೊಡ್ಡದಾಗುವುದಿಲ್ಲ, ಇವನ್ನೆಲ್ಲ ಇಟ್ಟುಕೊಂಡು ನೀವು ಏನು ಮಾಡುವಿರೆಂಬುದೇ ಮುಖ್ಯವೆಂದು ಆತಿಥೇಯರ ಎದುರಿನಲ್ಲಿಯೇ ಹೇಳಿದರು. ಹಣವನ್ನು ಕಟ್ಟಡಗಳಲ್ಲಿ ಹೂತುಬಿಡದೆ ಅಧ್ಯಾಪಕರಿಗಾಗಿ ವೆಚ್ಚಮಾಡಬೇಕೆಂಬ ವಿಶ್ವಸ್ತರ ನಿರ್ಧಾರವನ್ನು ಮನಸಾರೆ ಮೆಚ್ಚಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಬರಿಯ ಪ್ರಶಸ್ತಿಯಾಗುತ್ತಿತ್ತು. ಆದರೆ ಕರೆಯದೆ ಬಂದವರ ಕಥೆ ಉಳಿದಿದೆ. 1878ರಲ್ಲಿ ಕ್ರಿಸ್ಟೀನ್ ಲ್ಯಾಡ್ ಎಂಬ ತರುಣಿ ಗಣಿತವನ್ನು ಅಭ್ಯಸಿಸಲು ಅನುಮತಿ ಬೇಡಿ ಅಲ್ಲಿಗೆ ಪತ್ರ ಬರೆದಳು. ಆ ವಿಶ್ವವಿದ್ಯಾನಿಲಯ ಸ್ತ್ರೀಯರಿಗೆಂದು ಏರ್ಪಟ್ಟುದಾಗಿರಲಿಲ್ಲ. ಲಂಡನ್ನಿನ ಶಿಕ್ಷಣ ಪತ್ರಿಕೆಯೊಂದರಲ್ಲಿ ಆಕೆಯ ಗಣಿತ ಬರೆಹಗಳನ್ನು ಕಂಡಿದ್ದ ಸಿಲ್ವೆಸ್ಟರ್ ಆಕೆಯ ಪರವಾಗಿ ವಾದಿಸಿದರು. ಕೇಂಬ್ರಿಜ್ಜಿನ ಬಾಗಿಲಲ್ಲಿ ತಾವು ನಿಂತ ನೆನಪು ಅವರಿಗೆ ಇದ್ದಿರಬೇಕು. ವಿಶೇಷ ಅನುಮತಿ ದೊರೆಯಿತು. ಆಕೆ 1882ರ ವೇಳೆಗೆ ತರ್ಕಶಾಸ್ತ್ರದಲ್ಲಿ ಡಾಕ್ಟರೇಟಿಗೆ ತಕ್ಕ ಪ್ರಬಂಧವನ್ನು ಬರೆದು ಮುಗಿಸಿದಳು. ಪದವಿ ಮಾತ್ರ ದೊರೆಯಲಿಲ್ಲ. ಅದು ಆಕೆಯ ಕೈಸೇರಿದ್ದು 1926ರಲ್ಲಿ, ವಿಶ್ವವಿದ್ಯಾನಿಲಯದ ಸುವರ್ಣೋತ್ಸವದ ಸಂದರ್ಭದಲ್ಲಿ. ಆಗ ಆಕೆಗೆ 78 ವರ್ಷ. ಒಂದು ಪತ್ರಕ್ಕೆ ಪೂರ್ಣವಾದ ಉತ್ತರ ಬರುವುದಕ್ಕೆ ಅರ್ಧ ಶತಮಾನ ಬೇಕಾಯಿತು! ಹಕ್ಸ್ಲಿಯನ್ನು ಕರೆಯುವಷ್ಟು ಧೈರ್ಯವಿದ್ದ ಸಂಸ್ಥೆಗೆ ತನ್ನ ವಿದ್ಯಾರ್ಥಿನಿಗೆ ನ್ಯಾಯ ಮಾಡುವಷ್ಟು ಧೈರ್ಯ ಇರಲಿಲ್ಲ. ದೂರದ ಅತಿಥಿಯ ವಿಷಯದಲ್ಲಿ ಉದಾರರಾಗುವುದು ಸುಲಭ. ಬಾಗಿಲಲ್ಲಿ ನಿಂತವರ ವಿಷಯದಲ್ಲಿ ಉದಾರರಾಗುವುದು ಕಷ್ಟ.

ಇದು ಅಮೆರಿಕದವರ ದೋಷವೊಂದೇ ಎಂದು ಯಾರೂ ಭಾವಿಸಬಾರದು. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು ಶಾಸನದ ಮೂಲಕ ಸ್ಥಾಪಿತವಾದಾಗ ಸ್ತ್ರೀಯರ ಯೋಚನೆ ಯಾರಿಗಿತ್ತು? ಕಾದಂಬಿನಿ ಗಂಗೂಲಿ, ಚಂದ್ರಮುಖಿ ಬಸು ಇವರು ಕಲ್ಕತ್ತೆಯ ಪದವೀಧರೆಯರಾದದ್ದು 1883ರಲ್ಲಿ. ಮುಂಬಯಿ ವಿಶ್ವವಿದ್ಯಾನಿಲಯದ ಪ್ರಥಮ ಪದವೀಧರೆಯೆನಿಸಿದ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ ಕಾರ್ನೇಲಿಯಾ ಸೊರಾಬ್ಜಿ 1892ರಲ್ಲಿ ಆಕ್ಸ್‌ಫರ್ಡಿನಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆಯನ್ನು ಮುಗಿಸಿದರೂ ಅಲ್ಲಿಯ ಪದವಿಯನ್ನು ಪಡೆದದ್ದು 1922ರಲ್ಲಿ. ಆ ಮೂವತ್ತು ವರ್ಷಗಳ ಲೆಕ್ಕವನ್ನು ಯಾರು ಕೊಡುವವರು?

ನಮ್ಮವರ ಚರಿತ್ರೆಯಲ್ಲಿ ಹೆಮ್ಮೆಪಡತಕ್ಕ ಪುಟವೂ ಇದೆ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಇರುಳು ಸ್ಲೇಟು ಹಿಡಿದು ಬಂದ ಹುಡುಗರಿಗೆ ಈ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಬಾಗಿಲನ್ನು ತೆರೆದವು. ಆ ಹುಡುಗರಿಗೆ ಯಾರೂ ಅಚ್ಚುಹಾಕಿಸಿದ ಕರೆಯೋಲೆಯನ್ನು ಕಳುಹಿಸಿರಲಿಲ್ಲ. ಅವರು ಬಂದರು; ಉತ್ತರ ದೊರೆಯಿತು. ಹೊರನಾಡಿನಲ್ಲಿ ಕನ್ನಡ ಶಾಲೆ ಎಂಬುದು ಉಳಿದದ್ದು ಇಂಥ ಉತ್ತರಗಳ ಬಲದಿಂದಲೇ ಹೊರತು ವೇದಿಕೆಯ ಮೇಲಿನ ಹಾರತುರಾಯಿಗಳ ಬಲದಿಂದಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಮುಂದಿನ ವರ್ಷ ಮುಖ್ಯ ಅತಿಥಿಗಳಿಗೆ ಪತ್ರ ಬರೆಯಲು ಕುಳಿತಾಗ, ಆ ವರ್ಷ ಶಾಲೆಯ ಬಾಗಿಲಿಗೆ ಬಂದವರ ಪಟ್ಟಿಯನ್ನೂ ಸಮಿತಿಯವರು ಪಕ್ಕದಲ್ಲಿಟ್ಟುಕೊಳ್ಳಲಿ. ಶುಲ್ಕ ಕಟ್ಟಲಾರದೆ ಹಿಂದಿರುಗಿದ ತಾಯಿ, ವಯಸ್ಸು ಮೀರಿತೆಂದು ಸೇರಿಸಿಕೊಳ್ಳದ ಹುಡುಗ, ಕನ್ನಡ ಬಾರದಿದ್ದರೂ ಕಲಿಯಬೇಕೆಂದು ಬಂದ ಮಗು, ಇವರಿಗೆ ನಾವೇನು ಹೇಳಿ ಕಳುಹಿಸಿದೆವು ಎಂಬುದನ್ನು ಒಮ್ಮೆ ಓದಿ ನೋಡಲಿ. ಅನಂತರ ಅತಿಥಿಗಳನ್ನು ಕರೆಯಲಿ. ಹಕ್ಸ್ಲಿಯಂತೆ ಸತ್ಯ ನುಡಿಯುವವರನ್ನೇ ಕರೆಯಲಿ. ಆ ಪಟ್ಟಿಯನ್ನು ಅವರ ಕೈಗೂ ಕೊಟ್ಟು, ಇದರ ಬಗ್ಗೆ ಎರಡು ಮಾತನಾಡಿರೆಂದು ಕೇಳಲಿ. ಅಂಥ ಉತ್ಸವ ನಡೆದ ಶಾಲೆ ತನ್ನ ಮಕ್ಕಳಿಗೆ ಕೊಡಬೇಕಾದ ಉತ್ತರವನ್ನು ಐವತ್ತು ವರ್ಷ ಬಾಕಿ ಇರಿಸಿಕೊಳ್ಳಲಾರದು.