ಹುಚ್ಚು ಹಿಡಿಸಿದ ಗೇಮ್ ಒಂದು, ಕಾರು ಕಲಿಸಿದ ಗೇಮ್ ಇನ್ನೊಂದು

ಮೆಕ್ಯಾನಿಕಲ್ ಯಾಕೆ ತಗೊಂಡ್ರಿ ಅಂತ ಕೇಳಿದರೆ ನಾವು ನೆಂಟರ ಮುಂದೆ ಹೇಳೋ ಉತ್ತರ ಬೇರೆ, ನಿಜವಾದ ಉತ್ತರ ಬೇರೆ. ನಿಜವಾದ ಉತ್ತರ ಒಂದು ಕಾರು. ಅದೂ ಅಪ್ಪನ ಕಾರಲ್ಲ, ಬೆಳ್ಳಿ-ನೀಲಿ ಬಣ್ಣದ ಬಿಎಂಡಬ್ಲ್ಯು ಎಂ3 ಜಿಟಿಆರ್. 'ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್' 2005ರಲ್ಲಿ ಬಂದಾಗ ನಮ್ಮಲ್ಲಿ ಹೆಚ್ಚಿನವರು ಹುಟ್ಟೇ ಇರಲಿಲ್ಲ. ಆದರೂ ಅಣ್ಣಂದಿರ ಕಂಪ್ಯೂಟರಿನಿಂದ ಪೆನ್‌ಡ್ರೈವ್ ಹತ್ತಿ ನಮ್ಮವರೆಗೆ ಬಂತು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಡಬ್ಬಾ ಲ್ಯಾಪ್‌ಟಾಪಲ್ಲೂ ಓಡುತ್ತೆ, ಅದೇ ಅದರ ದೊಡ್ಡ ಗುಣ.

ಇಷ್ಟು ಪ್ರೀತಿ ಇಟ್ಕೊಂಡೇ ಹೇಳ್ತೀವಿ: ಎನ್‌ಎಫ್‌ಎಸ್‌ಗೆ ನಾವು ಕೊಡೋ ಮರ್ಯಾದೆ ಸ್ವಲ್ಪ ಜಾಸ್ತಿ ಆಯ್ತು. ಅದು ಹುಚ್ಚು ಹಿಡಿಸಿತು, ಸರಿ. ಕಾರಿನ ಬಗ್ಗೆ ಏನು ಹೇಳಿಕೊಡ್ತು? ಆ ಜಿಟಿಆರ್ ಹೆಸರು ಹಾಸ್ಟೆಲ್‌ನಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ಮಾಮೂಲಿ ಎಂ3ಯಲ್ಲಿ ಸಾಲಾಗಿ ಆರು ಸಿಲಿಂಡರ್ ಇದ್ದಾಗ ಈ ಕಾರಿಗೆ ವಿ8 ಎಂಜಿನ್ ಹಾಕಿದ್ರು, 2001ರಲ್ಲಿ ಅದು ಅಮೆರಿಕನ್ ಲ ಮಾನ್ ಸೀರೀಸ್‌ನಲ್ಲಿ ನಿಜವಾಗಿ ಓಡಿತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಗೇಮ್ ಹೇಳಲ್ಲ, ನಾವೂ ಕೇಳಲಿಲ್ಲ. ಅಲ್ಲಿ ಪೊಲೀಸ್ ಕಾರುಗಳನ್ನು ಗುದ್ದಿ ಪುಡಿ ಮಾಡಿದಷ್ಟೂ ಬೌಂಟಿ ಏರುತ್ತೆ, ಗಾಡಿ ಮಗುಚಿದರೆ ರೀಸೆಟ್. 'ಸ್ಪೀಡ್ ಬ್ರೇಕರ್' ಒತ್ತಿದರೆ ಕಾಲವೇ ನಿಧಾನ ಆಗುತ್ತೆ. ನಮ್ಮೂರಲ್ಲಿ ಸ್ಪೀಡ್ ಬ್ರೇಕರ್ ಅಂದ್ರೆ ಬಣ್ಣ ಬಳಿಯದ ಹಂಪ್, ಅದು ನಿಧಾನ ಮಾಡೋದು ನಮ್ಮ ಬೆನ್ನುಮೂಳೆಯನ್ನ.

ಕಾರಿನ ಜಗತ್ತನ್ನೇ ಬದಲಾಯಿಸಿದ ಗೇಮ್ ನಮ್ಮ ಪ್ರಕಾರ 'ಗ್ರ್ಯಾನ್ ಟುರಿಸ್ಮೊ'. ಪ್ಲೇಸ್ಟೇಷನ್ ಇದ್ದ ಮನೆ ನಮ್ಮ ಗುಂಪಿನಲ್ಲಿ ಕಮ್ಮಿ, ಹಾಗಾಗಿ ಅದು ನಮಗೆ ತಡವಾಗಿ ಸಿಕ್ಕಿತು. ಕಝುನೋರಿ ಯಮಾವುಚಿ ಅನ್ನೋ ಕಾರು ಹುಚ್ಚಿನ ಜಪಾನಿ ಮನುಷ್ಯ, ತನ್ನ ಸಣ್ಣ ತಂಡ ಕಟ್ಟಿಕೊಂಡು ವರ್ಷಗಟ್ಟಲೆ ಕೂತು ಮಾಡಿದ್ದು. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾಯ್ತು, ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯ್ತು.

ಅದರ ಶುರುವೇ ಬೇರೆ ಥರ. ಕೈಗೆ 10,000 ಕ್ರೆಡಿಟ್ ಕೊಟ್ಟು ಕಾರು ತಗೋ ಅನ್ನುತ್ತೆ. ಆ ದುಡ್ಡಿಗೆ ಫೆರಾರಿ ಎಲ್ಲಿಂದ ಬರಬೇಕು? ಸೆಕೆಂಡ್ ಹ್ಯಾಂಡ್ ಸಿವಿಕ್ ಥರದ್ದು ಯಾವುದಾದರೂ ನೋಡ್ಕೋಬೇಕು. ಅಪ್ಪಂದಿರು ಹಳೇ ಗಾಡಿ ಹುಡುಕಿದ ಹಾಗೇ. ಆಮೇಲೆ ದೊಡ್ಡ ರೇಸ್‌ಗಳಿಗೆ ಲೈಸೆನ್ಸ್ ಬೇಕು, ಅದಕ್ಕೆ ಪರೀಕ್ಷೆ. ಹೊರಟು, ಗುರುತು ಹಾಕಿದ ಜಾಗದೊಳಗೆ ನಿಲ್ಲಿಸು. ಒಂದೇ ಒಂದು ತಿರುವನ್ನು ಇಷ್ಟು ಸೆಕೆಂಡಿನಲ್ಲಿ ಮುಗಿಸು. ಒಂದು ಹತ್ತು ಸಲ ಫೇಲ್ ಆದ ಮೇಲೆ ತಲೆಗೆ ಹೋಗುತ್ತೆ: ಬ್ರೇಕ್ ಹಾಕೋದು ತಿರುವಿನಲ್ಲಲ್ಲ, ಅದಕ್ಕೂ ಮುಂಚೆ, ಗಾಡಿ ನೆಟ್ಟಗಿರುವಾಗ. ಯಾಕಂದ್ರೆ ಟೈರ್ ಹತ್ರ ಇರೋ ಹಿಡಿತ ಒಂದು ಲಿಮಿಟ್ಟಿನದು. ಬ್ರೇಕಿಗೆ ಪೂರ್ತಿ ಖರ್ಚು ಮಾಡಿದ್ರೆ ತಿರುಗೋಕೆ ಏನೂ ಉಳಿಯಲ್ಲ, ಗಾಡಿ ಮೂತಿ ನೆಟ್ಟಗೆ ಹುಲ್ಲಿಗೆ ಹೋಗುತ್ತೆ.

ಇನ್ನು ಸೆಟ್ಟಿಂಗ್ಸ್ ಪುಟ. ನಾವು ಗೇರ್ ರೇಶಿಯೋ ಕಲಿತದ್ದು ಅಲ್ಲೇ. ಫೈನಲ್ ಡ್ರೈವ್ ನಂಬರ್ ಜಾಸ್ತಿ ಮಾಡಿದ್ರೆ ಕಾರು ತಿರುವಿನಿಂದ ಚಿಮ್ಮುತ್ತೆ, ಆದರೆ ಉದ್ದನೆಯ ರಸ್ತೆಯ ಕೊನೆಗೆ ಆರ್‌ಪಿಎಂ ಮುಗಿದುಹೋಗಿ ಎಂಜಿನ್ ಸುಮ್ಮನೆ ಕೂಗುತ್ತೆ. ಕಮ್ಮಿ ಮಾಡಿದ್ರೆ ಟಾಪ್ ಸ್ಪೀಡ್ ಸಿಗುತ್ತೆ, ಅಷ್ಟೊತ್ತಿಗೆ ಉಳಿದವರು ಮುಂದೆ ಹೋಗಿರ್ತಾರೆ. ಒಂದನ್ನು ಮಾತ್ರ ಬದಲಾಯಿಸು, ಒಂದು ಸುತ್ತು ಓಡಿಸು, ಟೈಮ್ ನೋಡು, ಬರೆದುಕೋ. ಲ್ಯಾಬಿನಲ್ಲಿ ನಾವು ಮಾಡಬೇಕಾದ್ದೂ ಇದೇ ಅಲ್ವಾ? ನಾವಲ್ಲಿ ಮಾಡೋದು ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ಇಳಿಸಿಕೊಳ್ಳೋದು. ತಪ್ಪು ರೀಡಿಂಗ್ ಬಂದ್ರೆ ಲ್ಯಾಬಲ್ಲಿ ಬೈಗುಳ, ಗೇಮಲ್ಲಿ ಇನ್ನೊಂದು ಸುತ್ತು.

ಹೊರಗಿನ ಜಗತ್ತಿನಲ್ಲಿ ಇದರ ಪರಿಣಾಮ ಏನು ಕಮ್ಮಿ ಇಲ್ಲ. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಅಮೆರಿಕದ ಶೋರೂಮಿನಲ್ಲಿ ಮಾರಾಟಕ್ಕೇ ಇರಲಿಲ್ಲ. ಅಲ್ಲಿಯ ಹುಡುಗರು ಅದನ್ನು ಪರಿಚಯ ಮಾಡ್ಕೊಂಡದ್ದು ಟಿವಿ ಪರದೆಯ ಮೇಲೆ. ಅಲ್ಲಿ ಹೊರದೇಶದ ಇಂಥ ಕಾರನ್ನು ತರಿಸಲು 25 ವರ್ಷ ಹಳೆಯದಾಗೋವರೆಗೂ ಕಾಯಬೇಕು. 1999ರ ಆರ್34 ಮಾಡೆಲ್ಲಿಗೆ ಆ ಗಡುವು ಮುಗಿದದ್ದು 2024ರಲ್ಲಿ. ಹತ್ತು ವರ್ಷದವನಿದ್ದಾಗ ಗೇಮಲ್ಲಿ ಓಡಿಸಿದ ಕಾರನ್ನು ಮೂವತ್ತೈದು ದಾಟಿದ ಮೇಲೆ ದುಬಾರಿ ದುಡ್ಡು ಕೊಟ್ಟು ಹಡಗಿನಲ್ಲಿ ತರಿಸಿಕೊಳ್ತಾರೆ ಅಂದ್ರೆ ನೋಡಿ. 2007ರ ನಿಸ್ಸಾನ್ ಜಿಟಿ-ಆರ್‌ನಲ್ಲಂತೂ ಡ್ಯಾಶ್‌ಬೋರ್ಡಿನ ಡಿಸ್‌ಪ್ಲೇಯನ್ನು ವಿನ್ಯಾಸ ಮಾಡಿದ್ದೇ ಯಮಾವುಚಿಯವರ ಕಂಪನಿ. ಕಾರು ನೋಡಿ ಗೇಮ್ ಮಾಡ್ತಿದ್ದವರು ಕಾರಿನ ಒಳಗೇ ಬಂದು ಕೂತರು.

2008ರಲ್ಲಿ ನಿಸ್ಸಾನ್ ಮತ್ತು ಪ್ಲೇಸ್ಟೇಷನ್ ಸೇರಿ ಜಿಟಿ ಅಕಾಡೆಮಿ ಶುರು ಮಾಡಿದರು. ಗೇಮಲ್ಲಿ ಗೆದ್ದವರಿಗೆ ನಿಜವಾದ ರೇಸ್ ಸೀಟು. ಮೊದಲ ಸಲ ಗೆದ್ದ ಸ್ಪೇನಿನ ಲೂಕಾಸ್ ಒರ್ಡೊನ್ಯೆಝ್ 2011ರ ಲ ಮಾನ್‌ನಲ್ಲಿ ತಮ್ಮ ವರ್ಗದಲ್ಲಿ ಎರಡನೆಯವರಾದರು. 2011ರಲ್ಲಿ ಗೆದ್ದ ಯಾನ್ ಮಾರ್ಡನ್‌ಬರೋಗೆ ಆಗ ನಮ್ಮದೇ ವಯಸ್ಸು, 19. ಎರಡು ವರ್ಷಕ್ಕೆ ಅವರೂ ಲ ಮಾನ್‌ನಲ್ಲಿ ತಮ್ಮ ವರ್ಗದ ಮೂರನೇ ಸ್ಥಾನ ಪಡೆದ ತಂಡದಲ್ಲಿದ್ದರು. 2014ರ ಅಕಾಡೆಮಿಯಲ್ಲಿ ಭಾರತಕ್ಕೂ ಅವಕಾಶವಿತ್ತು. "ಗೇಮ್ ಆಡಿ ಹಾಳಾದ" ಅನ್ನೋರಿಗೆ ಕೊಡೋಕೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ?

ಆದರೆ ಇದೇ ಕಥೆಯಲ್ಲಿ ನಮಗೆ ಗಂಟಲಲ್ಲಿ ಇಳಿಯದ ಒಂದು ಭಾಗ ಇದೆ. 2015ರ ಮಾರ್ಚ್‌ನಲ್ಲಿ ಜರ್ಮನಿಯ ನೂರ್‌ಬುರ್ಗ್‌ರಿಂಗ್‌ನಲ್ಲಿ ಮಾರ್ಡನ್‌ಬರೋ ಅವರ ಕಾರು ಗಾಳಿಗೆದ್ದು ಬೇಲಿ ದಾಟಿತು, ಒಬ್ಬ ಪ್ರೇಕ್ಷಕ ಸತ್ತರು. 2023ರ 'ಗ್ರ್ಯಾನ್ ಟುರಿಸ್ಮೊ' ಸಿನಿಮಾ ಈ ಅಪಘಾತವನ್ನು ಲ ಮಾನ್‌ಗಿಂತ ಮುಂಚೆಗೆ ಎತ್ತಿ ಇಟ್ಟಿದೆ. ನಾಯಕ ಕುಗ್ಗಬೇಕು, ಮತ್ತೆ ಎದ್ದು ಗೆಲ್ಲಬೇಕು, ಅದಕ್ಕೆ. ಒಬ್ಬರ ಸಾವನ್ನು ಇನ್ನೊಬ್ಬರ ಗೆಲುವಿಗೆ ಮೆಟ್ಟಿಲು ಮಾಡಿದ್ದು ನಮಗೆ ಸರಿ ಅನ್ನಿಸಲಿಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಆ ಸೀನಿಗೂ ಜೋರಾಗಿ ಶಿಳ್ಳೆ ಬಿತ್ತು ಅನ್ನೋದು ಬೇರೆ ವಿಷಯ.

ಗ್ರ್ಯಾನ್ ಟುರಿಸ್ಮೊ ಎಷ್ಟು ಕಲಿಸಿದರೂ ಒಂದನ್ನು ಕಲಿಸೋಕಾಗಲ್ಲ: ಸೀಟಿನಲ್ಲಿ ಒಂದು ಮೈ ಇದೆ ಅನ್ನೋದನ್ನ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದು ನಿಲ್ಲೋ ದೂರ ನಾಲ್ಕರಷ್ಟು ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡೋರೇ ರಾತ್ರಿ ಹನ್ನೊಂದಕ್ಕೆ ರಿಂಗ್ ರೋಡಿನಲ್ಲಿ ಬೈಕಲ್ಲಿ ಮೂರು ಜನ ಹೋಗ್ತಾರೆ. ರಸ್ತೆ ನಡುವೆ ಹಸು, ಎದುರಿಗೆ ರಾಂಗ್ ಸೈಡ್ ಟ್ರ್ಯಾಕ್ಟರ್, ಅದಕ್ಕೆ ಲೈಟೂ ಇಲ್ಲ. ಯಾವ ಗೇಮಲ್ಲಿದೆ ಈ ಟ್ರ್ಯಾಕ್? ಇದಕ್ಕೆ ಗೇಮನ್ನು ದೂರೋದು ನಮಗೆ ಇಷ್ಟ ಇಲ್ಲ. ಕಲಿಸಿದ್ದರಲ್ಲಿ ವೇಗವನ್ನು ಇಟ್ಕೊಂಡು ಬ್ರೇಕನ್ನು ಬಿಟ್ಟಿದ್ದು ನಮ್ಮವರೇ.

ಹುಚ್ಚಿಗೆ ಒಳ್ಳೆ ಜಾಗ ಬೇಕಿದ್ದರೆ ಫಾರ್ಮುಲಾ ಸ್ಟೂಡೆಂಟ್ ತಂಡ ಸೇರಬಹುದು. ಕಾರು ನಾವೇ ಡಿಸೈನ್ ಮಾಡಬೇಕು, ವೆಲ್ಡಿಂಗ್ ಹೊಗೆ ಕುಡಿಯಬೇಕು, ಸ್ಪಾನ್ಸರ್‌ಗೆ ಅಲೆಯಬೇಕು. ಆ ಕಾರನ್ನು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಫಾರ್ಮುಲಾ ಭಾರತ್ ಸ್ಪರ್ಧೆಗೆ ತಗೊಂಡು ಹೋದರೂ ಟ್ರ್ಯಾಕಿಗೆ ತಕ್ಷಣ ಬಿಡಲ್ಲ. ಮೊದಲು ಬ್ರೇಕ್ ಟೆಸ್ಟ್. ಓಡಿಸಿಕೊಂಡು ಬಂದು ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರ ಲಾಕ್ ಆಗಬೇಕು. ಮೂರು ಲಾಕ್ ಆಗಿ ಒಂದು ಉರುಳಿದರೂ ಕಾರನ್ನು ತಳ್ಳಿಕೊಂಡು ವಾಪಸ್ ಬರಬೇಕು, ಸ್ಪ್ಯಾನರ್ ಹಿಡಿದು ಮತ್ತೆ ಕೂರಬೇಕು.