ಮಗುವಿನೊಡನೆ ನೀರಿಗಿಳಿಯುವ ಮುನ್ನ

ಪರೀಕ್ಷೆಗಳು ಮುಗಿದು ಶಾಲೆಗಳಿಗೆ ಬೀಗ ಬಿತ್ತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಮನೆಮನೆಯಲ್ಲೂ ಒಂದೇ ಮಾತು: ಮಕ್ಕಳನ್ನು ಎಲ್ಲಿಗಾದರೂ ಕರೆದೊಯ್ಯಬೇಕು. ಹಿಂದೆ ಇದಕ್ಕೆ ಧರ್ಮಸ್ಥಳ, ಇಲ್ಲವೆ ಅಜ್ಜಿಯ ಊರು ಎಂಬ ಎರಡು ಉತ್ತರಗಳಿದ್ದವು. ಈಗ ಮೂರನೆಯದೊಂದು ಸೇರಿದೆ. ಅದು ಹಡಗು. ಮೊಬೈಲು ತೆರೆದರೆ ಬೆಳ್ಳನೆಯ ಹಡಗು, ಅದರ ಮೇಲೊಂದು ಈಜುಕೊಳ, ಕೊಳದಲ್ಲಿ ನಗುವ ಮಗು, ಅದರ ಕೆಳಗೆ “ಮಕ್ಕಳಿಗೆ ಉಚಿತ” ಎಂಬ ದಪ್ಪಕ್ಷರ, ಇನ್ನೂ ಕೆಳಗೆ ಸಣ್ಣಕ್ಷರದಲ್ಲಿ ಕಂತಿನ ಲೆಕ್ಕ. ಸಕ್ಕರೆ ಕಾರ್ಖಾನೆಯ ಕಾರ್ಮಿಕನೂ ಸಂತೆಬೀದಿಯ ಅಂಗಡಿಯವನೂ ಅದನ್ನು ನೋಡುತ್ತಾರೆ. ಪಕ್ಕದಲ್ಲಿ ಕುಳಿತ ಮಗುವೂ ನೋಡುತ್ತದೆ. “ಅಪ್ಪ, ನಾವು ಯಾವಾಗ ಹೋಗೋದು?” ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರ ಪರವಾಗಿ ನಾವು ಇಂದು ಈ ವಿಷಯವನ್ನೆತ್ತಿಕೊಂಡಿದ್ದೇವೆ.

“ಬಡವನಿಗೇಕೆ ಹಡಗಿನ ಶೋಕಿ” ಎಂದು ನಗುವವರ ಸಾಲಿನಲ್ಲಿ ನಾವಿಲ್ಲ. ದುಡಿಯುವವನಿಗೆ ಕೂಲಿ ಎಷ್ಟು ಹಕ್ಕೋ ಬಿಡುವೂ ಅಷ್ಟೇ ಹಕ್ಕು. ಇಪ್ಪತ್ತು ದಿನ ದುಡಿದರೆ ಒಂದು ದಿನ ಸಂಬಳದ ರಜೆ ಎಂಬ ಲೆಕ್ಕ 1948ರ ಕಾರ್ಖಾನೆ ಕಾಯಿದೆಯಲ್ಲಿ ಬರೆಯಲ್ಪಟ್ಟಿದ್ದು ಯಾವ ಮಾಲೀಕನ ಔದಾರ್ಯದಿಂದಲೂ ಅಲ್ಲ. ಅದರ ಹಿಂದೆ ಕಾರ್ಮಿಕರ ದೀರ್ಘ ಹೋರಾಟವಿದೆ. ಸಣ್ಣ ವ್ಯಾಪಾರಿಗೆ ಆ ಕಾಯಿದೆಯೂ ಇಲ್ಲ. ಅವನು ಮೂರು ದಿನ ಅಂಗಡಿ ಮುಚ್ಚಿದರೆ ಮೂರು ದಿನದ ವ್ಯಾಪಾರ ಹೋಯಿತು. ಗಿರಾಕಿ ಎದುರಂಗಡಿಗೆ ಹೋದ. ಇಷ್ಟು ಕಷ್ಟದಿಂದ ದೊರೆತ ಬಿಡುವನ್ನು ಮಗುವಿನೊಡನೆ ಎಲ್ಲಿ ಕಳೆಯಬೇಕೆಂಬುದು ಗಂಭೀರವಾದ ಪ್ರಶ್ನೆಯೇ. ಆದುದರಿಂದಲೇ ಅದನ್ನು ಜಾಹೀರಾತಿನ ಕೈಗೆ ಬಿಡಕೂಡದು.

ಮೊದಲು ಲೆಕ್ಕ ನೋಡೋಣ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಎಂಬ ಸಂಸ್ಥೆಯ ಹಡಗು ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆ ವಿಹಾರ ಆರಂಭಿಸಿದ ಮೇಲೆ ಮಧ್ಯಮ ವರ್ಗದವರಿಗೂ ಈ ಆಸೆ ಹತ್ತಿರ ಬಂದಿತು. ಇಂಥ ವಿಹಾರಗಳಲ್ಲಿ ದರ ಹೇಳುವುದು ಸಾಮಾನ್ಯವಾಗಿ ಇಬ್ಬರು ಮಲಗುವ ಕೋಣೆಯಲ್ಲಿ ತಲೆಗೆ ಇಷ್ಟು ಎಂದು. ಮಗು ಅದೇ ಕೋಣೆಯ ಮೂರನೆಯ ಮಂಚದಲ್ಲಿ “ಉಚಿತ”. ಆದರೆ ಉಚಿತವಾದುದು ಕೋಣೆಯ ಬಾಡಿಗೆ ಮಾತ್ರ. ಬಂದರಿನ ಶುಲ್ಕ, ತೆರಿಗೆ, ಸೇವಾಶುಲ್ಕಗಳು ಮಗುವಿನ ತಲೆಯ ಮೇಲೂ ಬೀಳುವುದುಂಟು. ಮಂಡ್ಯದಿಂದ ಮುಂಬಯಿಗೆ ಹೋಗಿಬರುವ ಖರ್ಚು ಬೇರೆ. ಹಡಗು ನಿಂತ ಊರನ್ನು ಸುತ್ತಲು ಬೇರೆ. ಹಡಗಿನೊಳಗೆ ಕೆಲವು ಊಟ, ಕೆಲವು ಆಟ, ಇಂಟರ್‌ನೆಟ್ಟು, ಎಲ್ಲಕ್ಕೂ ಬೇರೆ ಬೇರೆ. ಶಾಲೆಗೆ ರಜೆ ಬಂದ ವಾರಗಳಲ್ಲೇ ದರ ಏರುತ್ತದೆ. ಏಕೆಂದರೆ ಶಾಲೆಯ ಮಗುವಿರುವ ಸಂಸಾರಕ್ಕೆ ಬೇರೆ ವಾರವಿಲ್ಲವೆಂಬುದು ವ್ಯಾಪಾರಿಗೆ ಚೆನ್ನಾಗಿ ಗೊತ್ತು.

ಇನ್ನು “ಎರಡು ರಾತ್ರಿ, ಮೂರು ದಿನ” ಎಂಬ ಮಾತು. ಮೊದಲನೆಯ ದಿನ ಮಧ್ಯಾಹ್ನದ ಮೇಲೆ ಹತ್ತುವುದು, ಮೂರನೆಯ ದಿನ ಬೆಳಗ್ಗೆ ಇಳಿಯುವುದು. ಗಂಟೆಯ ಲೆಕ್ಕ ಹಾಕಿದರೆ ಎರಡು ದಿನವೂ ತುಂಬುವುದಿಲ್ಲ. ಸರಕು ತೂಗಿ ಕೊಳ್ಳುವ ನಮ್ಮ ವರ್ತಕ ಬಂಧುಗಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆಗಲೇ ಕೂಡಿಟ್ಟ ಹಣವಿದ್ದು, ಎಲ್ಲ ಖರ್ಚನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಂಡು, ಕೈಗೆಟುಕುವಂತಿದ್ದರೆ ಹೋಗಲಿ, ನಾವು ಸಂತೋಷಪಡುತ್ತೇವೆ. ಸಾಲದ ಕಂತಿನಲ್ಲಿ ಮಾತ್ರ ಹೋಗಬಾರದು. ಮೂರು ದಿನದ ಸಮುದ್ರಕ್ಕೆ ಹನ್ನೆರಡು ತಿಂಗಳ ಕಂತು ಕಟ್ಟುವಾಗ ಮೊದಲು ಕಡಿತವಾಗುವುದು ಮುಂದಿನ ವರ್ಷದ ಶಾಲೆಯ ಶುಲ್ಕ.

ಕಾಲವನ್ನೂ ನೋಡಬೇಕು. ಬೇಸಿಗೆ ರಜೆಯ ಕೊನೆಗೆ ಅರಬ್ಬೀ ಸಮುದ್ರ ಮುಂಗಾರಿಗೆ ಕೆದರತೊಡಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಮುಂಬಯಿಯಾಚೆಯ ಕಡಲಿನಲ್ಲಿ ಕಾರ್ಮಿಕರು ತಂಗಿದ್ದ ಪಿ-305 ಎಂಬ ಬಾರ್ಜನ್ನೇ ಮುಳುಗಿಸಿತೆಂಬುದನ್ನು ಮರೆಯಬಾರದು. ದಸರಾ ರಜೆಯ ವೇಳೆಗೆ ಪಶ್ಚಿಮದ ಕಡಲು ಬಹುಮಟ್ಟಿಗೆ ಶಾಂತವಾಗುತ್ತದೆ; ಆದರೆ ಚೆನ್ನೈ ಕಡೆಯ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ ಆಗಲೇ ಶುರು. ಬಸ್ಸಿನಲ್ಲಿ ವಾಂತಿಮಾಡುವ ಮಗು ಹಡಗಿನಲ್ಲಿ ಸುಮ್ಮನಿದ್ದೀತೆಂದು ನಂಬಬಾರದು. ವೈದ್ಯರನ್ನು ಕೇಳಿ ಹೊರಡುವುದು ಮೇಲು.

ಹಡಗಿನಲ್ಲಿ ದರ್ಜೆಗಳಿವೆ. ದರ್ಜೆಯೆಂದರೆ ಮೆತ್ತನೆಯ ಹಾಸಿಗೆ ಮಾತ್ರವೆಂದು ತಿಳಿಯುವವರು ಒಂದು ಹಳೆಯ ಲೆಕ್ಕವನ್ನು ನೋಡಬೇಕು. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಮುಳುಗಿದಾಗ, ಬ್ರಿಟಿಷ್ ವಿಚಾರಣಾ ವರದಿಯ ಪ್ರಕಾರ, ಎರಡನೆಯ ದರ್ಜೆಯ 24 ಮಕ್ಕಳಲ್ಲಿ 24 ಮಕ್ಕಳೂ ಉಳಿದರು. ಮೂರನೆಯ ದರ್ಜೆಯ 79 ಮಕ್ಕಳಲ್ಲಿ ಉಳಿದವರು 27. ಸಮುದ್ರಕ್ಕೆ ದರ್ಜೆ ಗೊತ್ತಿರಲಿಲ್ಲ. ದೋಣಿಗಳ ಬಳಿಗೆ ಹೋಗುವ ದಾರಿಗೆ ಗೊತ್ತಿತ್ತು. ಆ ಸಾವುಗಳ ಮೇಲೆಯೇ 1914ರಲ್ಲಿ ಸಮುದ್ರಯಾನದ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿತು. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ವಿಹಾರದ ಹಡಗು ಬಂಡೆಗೆ ತಾಗಿ ಒರಗಿ 32 ಜನ ಸತ್ತ ಮೇಲೆ, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಪ್ರಯಾಣಿಕರನ್ನೆಲ್ಲ ಸೇರಿಸಿ ಅಪಾಯದಲ್ಲಿ ಎಲ್ಲಿ ನಿಲ್ಲಬೇಕು, ಲೈಫ್ ಜಾಕೆಟ್ ಹೇಗೆ ತೊಡಬೇಕು ಎಂದು ಕಲಿಸಬೇಕೆಂಬ ನಿಯಮ ಇನ್ನಷ್ಟು ಬಿಗಿಯಾಯಿತು. ಹಡಗಿಗೆ ಹೋಗುವ ನಮ್ಮ ಓದುಗರು ಆ ಅರ್ಧ ಗಂಟೆಯನ್ನು ತಪ್ಪಿಸಬಾರದು. ಮಗುವನ್ನು ಮುಂದೆ ನಿಲ್ಲಿಸಿಕೊಂಡು ಕಲಿಯಲಿ.

ಇಷ್ಟು ಹೇಳಿದ ಮೇಲೆ ನಮ್ಮ ನೀರಿನ ಕಡೆಗೆ ತಿರುಗುತ್ತೇವೆ. ಏಕೆಂದರೆ ಜಾಹೀರಾತಿನ ಹಡಗನ್ನು ನೋಡುವವರು ನೂರು ಜನ, ಹತ್ತುವವರು ಒಬ್ಬಿಬ್ಬರು. ಉಳಿದವರು ಮಗುವನ್ನು ಕರೆದುಕೊಂಡು ಒಂದು ಭಾನುವಾರ ಹೋಗುವುದು ಇಲ್ಲಿಗೇ. ಶ್ರೀರಂಗಪಟ್ಟಣದ ಎರಡೂ ಮಗ್ಗುಲಲ್ಲಿ ಹರಿದ ಕಾವೇರಿ ಮತ್ತೆ ಒಂದಾಗುವ ಸಂಗಮ, ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು, ಕನ್ನಂಬಾಡಿಯ ಹಿನ್ನೀರು, ಪಾಂಡವಪುರದ ತೊಣ್ಣೂರು ಕೆರೆ, ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಯ ಮೇಲಿನ ಹೇಮಗಿರಿ, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವ ಅಂಬಿಗರಹಳ್ಳಿ. ಆ ಊರಿನ ಹೆಸರೇ ದೋಣಿ ನಡೆಸುವವರ ಹೆಸರು. ಕೆರೆಯ ನೀರನ್ನೇ ನೋಡಿ ಬೆಳೆದ ನಾಗಮಂಗಲದ ಮಗುವಿಗೆ ರಂಗನತಿಟ್ಟಿನ ಒಂದು ಗಂಟೆ ಸಮುದ್ರಕ್ಕಿಂತ ಕಡಿಮೆಯ ಬೆರಗಲ್ಲ. ಬಂಡೆಯ ಮೇಲೆ ಬಾಯ್ದೆರೆದು ಮಲಗಿದ ಮೊಸಳೆಯನ್ನು ಹತ್ತಿರದಿಂದ ಕಂಡ ಮಗು ಜನ್ಮಕ್ಕೂ ಅದನ್ನು ಮರೆಯದು.

ಆದರೆ ಹಡಗಿನಲ್ಲಿರುವ ಆ ಅರ್ಧ ಗಂಟೆಯ ಪಾಠ ಇಲ್ಲಿನ ಎಷ್ಟು ದಡಗಳಲ್ಲಿದೆ? ಸಿರಿವಂತನ ಸಮುದ್ರಕ್ಕೆ ಅಂತರರಾಷ್ಟ್ರೀಯ ನಿಯಮ, ಬಡವನ ಹೊಳೆಗೆ ದೇವರ ದಯೆ ಎಂಬ ಏರ್ಪಾಡನ್ನು ನಾವು ಒಪ್ಪಲಾರೆವು.

ಈ ಮಾತು ಬರಿಯ ಹೆದರಿಕೆಯಿಂದ ಹುಟ್ಟಿದುದಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರ ಭಾನುವಾರ, ಶಾಲಾ ರಜೆಯ ದಿನ, ಕೇರಳದ ತಾನೂರಿನಲ್ಲಿ ಮೀನುಗಾರಿಕೆಯ ದೋಣಿಯನ್ನು ವಿಹಾರದ ದೋಣಿಯಾಗಿ ಮಾರ್ಪಡಿಸಿ, ಮಿತಿ ಮೀರಿ ಜನ ತುಂಬಿ, ಕತ್ತಲಾಗುವ ಹೊತ್ತಿನಲ್ಲಿ ಹೊರಡಿಸಿದರು. 22 ಜನ ಹೋದರು, ಅವರಲ್ಲಿ ಮಕ್ಕಳೇ ಹೆಚ್ಚು. 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ವಿದ್ಯಾರ್ಥಿಗಳೂ ಇಬ್ಬರು ಉಪಾಧ್ಯಾಯಿನಿಯರೂ ಮುಳುಗಿದರು. ಅದೇ ವರ್ಷ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲು ಮುಳಬಾಗಿಲಿನ ವಸತಿ ಶಾಲೆಯ ನಾಲ್ವರು ಹುಡುಗಿಯರನ್ನು ಸೆಳೆದುಕೊಂಡಿತು. ನಮ್ಮ ಪಾಂಡವಪುರದ ಕನಗನಮರಡಿಯಲ್ಲಿ 2018ರ ನವೆಂಬರ್ 24ರಂದು ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜೀವಗಳು ಹೋದದ್ದನ್ನು ಈ ತಾಲ್ಲೂಕಿನವರಿಗೆ ನೆನಪಿಸಬೇಕಾಗಿಲ್ಲ. ಶಾಲೆ ಮುಗಿಸಿ ಮನೆಗೆ ಮರಳುತ್ತಿದ್ದ ಮಕ್ಕಳ ಚೀಲಗಳು ಆ ನೀರಿನಲ್ಲಿ ತೇಲಿದ್ದನ್ನು ಕಂಡವರು ಇಲ್ಲಿದ್ದಾರೆ.

ಖಾಸಗಿಯವರ ದುರಾಸೆಯೇ ಇದಕ್ಕೆಲ್ಲ ಕಾರಣ, ಸರ್ಕಾರ ನಡೆಸಿದರೆ ಸರಿಹೋಗುತ್ತದೆ ಎಂದು ನಮ್ಮವರೇ ಕೆಲವರು ಹೇಳುತ್ತಾರೆ. ಅಷ್ಟು ಸುಲಭವಲ್ಲ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಮಗುಚಿ 45 ಜನರನ್ನು ಬಲಿ ತೆಗೆದುಕೊಂಡ ದೋಣಿ ಕೇರಳ ಸರ್ಕಾರದ ಪ್ರವಾಸೋದ್ಯಮ ನಿಗಮದ್ದೇ. ದೋಣಿ ಯಾರದೇ ಇರಲಿ, ಅದರ ತಪಾಸಣೆ ಮತ್ತೊಬ್ಬರ ಕೈಯಲ್ಲಿರಬೇಕು. ತಪಾಸಣೆಯ ಚೀಟಿ ಜನರ ಕಣ್ಣಿಗೆ ಬೀಳುವಂತಿರಬೇಕು. ಸಾರ್ವಜನಿಕ ಒಡೆತನಕ್ಕೆ ಸಾರ್ವಜನಿಕ ಕಣ್ಗಾವಲು ಸೇರಿದಾಗ ಏನಾಗಬಹುದೆಂಬುದಕ್ಕೂ ಕೇರಳವೇ ಉದಾಹರಣೆ. 2023ರ ಏಪ್ರಿಲ್ 25ರಂದು ಉದ್ಘಾಟನೆಯಾದ ಕೊಚ್ಚಿಯ ಜಲ ಮೆಟ್ರೋ 20 ರೂಪಾಯಿಯ ಕನಿಷ್ಠ ದರದಲ್ಲಿ ಆರಂಭವಾಯಿತು. ಅದರ ದೋಣಿಗಳು ಬ್ಯಾಟರಿಯ ಬಲದಿಂದ ಓಡುತ್ತವೆ. ಒಳಗೆ ಬಿಡುವಾಗಲೇ ತಲೆ ಎಣಿಸಿ ಬಿಡುತ್ತಾರೆ. ಬೆಂಗಳೂರಿನಿಂದ ಎರ್ನಾಕುಳಕ್ಕೆ ರಾತ್ರಿಯ ರೈಲಿದೆ. ಮಗುವಿಗೆ ದೊಡ್ಡ ನೀರಿನ ಮೇಲೆ ಯಾನ ಮಾಡಿಸಲೇಬೇಕೆಂಬ ಸಂಸಾರಕ್ಕೆ ನಾವು ಧೈರ್ಯವಾಗಿ ಸೂಚಿಸಬಹುದಾದ ದಾರಿ ಇದು.

ಇದೇ 2023ರ ಜನವರಿ 13ರಂದು ಪ್ರಧಾನಮಂತ್ರಿಗಳ ನಿಶಾನೆ ಪಡೆದು ವಾರಣಾಸಿಯಿಂದ ಹೊರಟ ‘ಗಂಗಾ ವಿಲಾಸ್’ ನೌಕೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. 36 ಪ್ರಯಾಣಿಕರಿಗೆ ಸ್ಥಳ, ದಿಬ್ರುಗಢದವರೆಗೆ 51 ದಿನದ ಯಾನ, ಸುಮಾರು 3,200 ಕಿಲೋಮೀಟರು, ಒಬ್ಬೊಬ್ಬರಿಗೆ ಲಕ್ಷಗಳ ಲೆಕ್ಕದ ದರ. ಒಂದೇ ದೇಶ, ಒಂದೇ ವರ್ಷ, ಎರಡು ಬಗೆಯ ದೋಣಿ. ನದಿಯನ್ನು ಯಾರಿಗಾಗಿ ತೆರೆಯಬೇಕೆಂಬ ತೀರ್ಮಾನವನ್ನು ಸರ್ಕಾರಗಳು ಮಾಡುತ್ತಲೇ ಇವೆ. ಜನ ಕೇಳದಿದ್ದರೆ ಅದು 36 ಜನರ ಪರವಾಗಿಯೇ ಆಗುತ್ತದೆ.

ಈ ಬೇಸಿಗೆಯಲ್ಲಿ ಮಗುವಿನ ಕೈ ಹಿಡಿದು ಯಾವುದೇ ದಡಕ್ಕೆ ಹೋಗುವ ನಮ್ಮ ಓದುಗರು ಐದು ಮಾತುಗಳನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಒಂದು, ದೋಣಿಗೆ ಎಷ್ಟು ಜನರ ಮಿತಿ ಎಂದು ಕೇಳಿ, ಹತ್ತಿದವರನ್ನು ತಾವೇ ಎಣಿಸಬೇಕು. ಎರಡು, ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯೇ ನೋಡಬೇಕು. ದೊಡ್ಡವರದನ್ನು ಮಗುವಿಗೆ ತೊಡಿಸಿದರೆ ನೀರಿನಲ್ಲಿ ಜಾಕೆಟ್ ಮೇಲೆ ಉಳಿದು ಮಗು ಕೆಳಗೆ ಜಾರುತ್ತದೆ. ಮೂರು, ಹೊತ್ತು ಮುಳುಗಿದ ಮೇಲೆ, ಗಾಳಿ ಎದ್ದಾಗ, ಕನ್ನಂಬಾಡಿಯಿಂದ ನೀರು ಬಿಟ್ಟಾಗ ಹತ್ತಕೂಡದು. ಹೊಳೆ ಏರಿದಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುವುದು ಸುಮ್ಮನೆ ಅಲ್ಲ. ನಾಲ್ಕು, ಹಕ್ಕಿ ಕಂಡಿತೆಂದು, ಫೋಟೋ ಬೇಕೆಂದು ಎಲ್ಲರೂ ಒಂದೇ ಮಗ್ಗುಲಿಗೆ ವಾಲಕೂಡದು. ಹರಿಗೋಲಿಗಂತೂ ಅದು ಮೃತ್ಯು. ಐದು, ಬಲಮುರಿ, ಎಡಮುರಿಗಳಂಥ ಕಡೆ ಮೊಣಕಾಲುದ್ದ ನೀರೆಂದು ಮಗುವನ್ನು ಬಿಟ್ಟು ಅಡಿಗೆಯ ಗಂಟು ಬಿಚ್ಚಲು ಕೂರಬಾರದು.

ಇವು ತಂದೆತಾಯಿಗಳ ಪಾಲಿನ ಕೆಲಸ. ಆಡಳಿತದ ಪಾಲಿನದು ಇನ್ನೂ ದೊಡ್ಡದು. 1917ರ ಹಳೆಯ ಕಾಯಿದೆಯನ್ನು ತೆಗೆದು 2021ರಲ್ಲಿ ಸಂಸತ್ತು ಒಳನಾಡು ಹಡಗುಗಳ ಹೊಸ ಕಾಯಿದೆಯನ್ನು ಮಾಡಿದೆ. ಯಂತ್ರದ ದೋಣಿಗೆ ನೋಂದಣಿ, ತಪಾಸಣೆ, ವಿಮೆ ಅದರಲ್ಲಿವೆ. ಯಂತ್ರವಿಲ್ಲದ ದೋಣಿಗಳನ್ನು ಸ್ಥಳೀಯ ಮಟ್ಟದಲ್ಲಿ ದಾಖಲು ಮಾಡಿಕೊಳ್ಳಲೂ ಅವಕಾಶವಿದೆ. ಹಾಗಿದ್ದ ಮೇಲೆ ನಮ್ಮ ಜಿಲ್ಲಾಡಳಿತ ಮಾಡಬೇಕಾದುದು ಸ್ಪಷ್ಟ. ಸಂಗಮದಿಂದ ಹಿನ್ನೀರಿನವರೆಗೆ ಜನರನ್ನು ಹತ್ತಿಸಿಕೊಳ್ಳುವ ಪ್ರತಿಯೊಂದು ದೋಣಿ, ಹರಿಗೋಲಿಗೂ ಸಂಖ್ಯೆ ಬರೆಸಲಿ, ಮಿತಿ ಬರೆಸಲಿ. ಪ್ರತಿ ದಡದಲ್ಲೂ ಮಕ್ಕಳ ಅಳತೆಯ ಜಾಕೆಟ್ಟುಗಳನ್ನು ಪುಕ್ಕಟೆಯಾಗಿ ಇಡಲಿ. ದರವನ್ನು ಫಲಕದ ಮೇಲೆ ಬರೆಸಲಿ.

ಇದನ್ನು ನೆಪ ಮಾಡಿಕೊಂಡು ಅಂಬಿಗರನ್ನು ದಡದಿಂದ ಓಡಿಸಿ, ಗುತ್ತಿಗೆಯನ್ನು ದೊಡ್ಡ ಕುಳಗಳಿಗೆ ಕೊಡುವುದನ್ನು ಮಾತ್ರ ನಾವು ಸಹಿಸೆವು. ಹೊಳೆಯ ಸುಳಿ, ಬಂಡೆ, ಸೆಳವುಗಳನ್ನು ತಲೆಮಾರುಗಳಿಂದ ಬಲ್ಲವರು ಅವರು. ಯಾರಾದರೂ ಮುಳುಗಿದರೆ ಮೊದಲು ನೀರಿಗೆ ಹಾರುವವರೂ ಅವರೇ. ಅವರಿಗೆ ತರಬೇತಿ, ವಿಮೆ, ಸಹಕಾರ ಸಂಘ ಇವು ದೊರೆಯಬೇಕು. ಹತ್ತು ಜನರನ್ನು ತುಂಬಿದರೆ ಮಾತ್ರ ಹೊಟ್ಟೆ ತುಂಬುವ ಸ್ಥಿತಿಯಲ್ಲಿ ಅಂಬಿಗನನ್ನಿಟ್ಟು, ಆರೇ ಜನರನ್ನು ಹತ್ತಿಸು ಎಂದು ಉಪದೇಶಿಸುವುದು ನ್ಯಾಯವಲ್ಲ.

ಕೊನೆಯದಾಗಿ ಶಾಲೆಗಳ ಮಾತು. ನಾಲೆ, ಕೆರೆ, ಹೊಳೆಗಳ ನಡುವೆ ಬದುಕುವ ಈ ನಾಡಿನ ಮಕ್ಕಳಿಗೆ ನಾವು ಮಗ್ಗಿ ಕಲಿಸುತ್ತೇವೆ, ಈಜು ಕಲಿಸುವುದಿಲ್ಲ. ತಾಲ್ಲೂಕಿಗೊಂದು ಸಾರ್ವಜನಿಕ ಈಜುಕೊಳ, ಅಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಪುಕ್ಕಟೆ ಪಾಠ, ಇದು ಪ್ರವಾಸೋದ್ಯಮದ ಯಾವ ಕಾರಂಜಿಗಿಂತಲೂ ಕಡಿಮೆ ಖರ್ಚಿನದು, ಹೆಚ್ಚು ಬೆಲೆಯದು. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಈ ರಜೆ ಮುಗಿಯುವುದರೊಳಗೆ ಈ ಬೇಡಿಕೆಗಳನ್ನು ಬರೆದು ತಹಶೀಲ್ದಾರರ ಕಚೇರಿಗೆ ಮುಟ್ಟಿಸಲಿ. ಮಗು ಸಮುದ್ರವನ್ನು ಇಂದಲ್ಲ ನಾಳೆ ಕಾಣಲಿ. ಮನೆಯ ಮುಂದಿನ ಕಾವೇರಿಯ ಮೇಲೆ ಅದು ನಿರ್ಭಯವಾಗಿ ತೇಲುವ ದಿನವನ್ನು ಮುಂದೂಡಲು ಯಾರಿಗೂ ಅಧಿಕಾರವಿಲ್ಲ.